ಲೇಸಿನ ಅಂಗಿ

ಬಳ್ಳಾರಿ
೧೧ ನವೆಂಬರ್ ೧೯೫೧

ಸಾವಂತ್ರಮ್ಮಾ,

ಕುರುಗೋಡಿನಲ್ಲಿ ನೀನೂ ಅತ್ತೆ ಮಾವನವರೂ ಕ್ಷೇಮವೆಂದು ನಂಬಿ, ಬಳ್ಳಾರಿಯ ಕ್ಷಯದ ಆಸ್ಪತ್ರೆಯ ಪಡಸಾಲೆಯಲ್ಲಿ ಮಂಚದ ಮೇಲೆ ಕುಳಿತು ನಿನ್ನ ಗಂಡ ಬರೆಯುವ ಕಾಗದ.

ನಾನು ಚೆನ್ನಾಗಿದ್ದೇನೆ. ಜ್ವರ ಸಂಜೆ ಮಾತ್ರ ಬರುತ್ತದೆ, ನೆಂಟರ ಹಾಗೆ ಸ್ವಲ್ಪ ಹೊತ್ತು ಕೂತು ಹೋಗುತ್ತದೆ. ವಾರಕ್ಕೊಮ್ಮೆ ಪಕ್ಕೆಗೆ ಸೂಜಿ ಹಾಕಿ ಎದೆಯೊಳಗೆ ಗಾಳಿ ತುಂಬುತ್ತಾರೆ. ಕೆಟ್ಟ ಪುಪ್ಪುಸ ಕೆಲಸ ಬಿಟ್ಟು ಮಲಗಿ ವಾಸಿಯಾಗಲಿ ಎಂದಂತೆ. ಸಿರುಗುಪ್ಪದ ಸಾಲೆಯಲ್ಲಿ ಮಕ್ಕಳಿಗೆ 'ಬಾಯಿ ಮುಚ್ಚಿ ಕೂಡ್ರಿ' ಎಂದು ಗದರುತ್ತಿದ್ದ ಮೇಷ್ಟ್ರಿಗೆ ಈಗ ಡಾಕ್ಟರು ಅದೇ ಮಾತು ಹೇಳುತ್ತಾರೆ. ಮಾಡಿದ್ದುಣ್ಣೋ ಮಹಾರಾಯ.

ನಾವು ಸಿರುಗುಪ್ಪದ ಮನೆಗೆ ಬೀಗ ಹಾಕಿ, ನೀನು ತವರಿಗೆ, ನಾನು ಇಲ್ಲಿಗೆ ಬಂದ ದಿನ ಬಸ್ಸಿನಲ್ಲಿ ನೀನು ಒಂದು ಮಾತೂ ಆಡಲಿಲ್ಲ. ಅದು ಆಗಾಗ ನೆನಪಾಗುತ್ತದೆ.

ಈಗ ಬೇರೆ ವಿಷಯ. ಇಲ್ಲಿ ಒಬ್ಬರು ಹತ್ತಿ ನೂಲಿನಲ್ಲಿ ಲೇಸಿನ ವೆಸ್ಟು ಹೆಣೆಯುತ್ತಾರೆ. ವೆಸ್ಟು ಎಂದರೆ ತೋಳಿಲ್ಲದ ಅಂಗಿ, ಕುಬಸದ ಮೇಲೆ ಹಾಕಿಕೊಳ್ಳುವುದು. ಅದಕ್ಕೆ ಶಾಲು ಕಾಲರು ಇರುತ್ತದೆ. ನಿನಗೊಂದು ಮಾಡಿಸುವ ಮನಸ್ಸಾಗಿದೆ. ಎದೆಯ ಸುತ್ತಳತೆ, ಹೆಗಲಿನಿಂದ ಸೊಂಟದವರೆಗಿನ ಉದ್ದ, ಎರಡನ್ನೂ ದಾರದಲ್ಲಿ ಅಳೆದು ಗಂಟು ಹಾಕಿ ಲಕೋಟೆಯಲ್ಲಿ ಕಳಿಸು. ಅಳತೆ ಸರಿಯಾಗಿರಲಿ. ಹೆಣೆಯುವವರು ಬಹಳ ಶಿಸ್ತಿನವರು.

ನಿನ್ನ
ಚಿದಾನಂದಪ್ಪ


ಕುರುಗೋಡು
೨ ಡಿಸೆಂಬರ್ ೧೯೫೧

ಮೇಷ್ಟ್ರ ಪಾದಗಳಿಗೆ ಸಾವಂತ್ರಮ್ಮ ಕೈಮುಗಿದು ಬರೆಯುವುದೇನೆಂದರೆ,

ಇಲ್ಲಿ ಎಲ್ಲರೂ ಕ್ಷೇಮ. ಹತ್ತಿ ಬಿಡಿಸುವ ಕೆಲಸ ನಡೆದಿದೆ. ಅಪ್ಪ ದಿನಾ ನಿಮ್ಮ ಸುದ್ದಿ ಕೇಳುತ್ತಾನೆ.

ನಿಮ್ಮ ಕಾಗದ ಅವ್ವನಿಗೆ ಓದಿ ಹೇಳಿದೆ. ಶಾಲು ಎಂದ ಕೂಡಲೆ ಅವ್ವ, 'ಶಾಲು ಹೊದಿಸಾಕ ನೀ ಏನ್ ಪುರಾಣ ಹೇಳಾಕಿ ಏನು? ಶಾಲಿದ್ದ ಮ್ಯಾಲ ಕಾಲರ್ ಯಾಕ?' ಎಂದಳು. ನನಗೂ ತಿಳಿಯಲಿಲ್ಲ. ಐದನೆಯ ತರಗತಿಯವರೆಗೆ ಓದಿದವಳಿಗೆ ಬಿಡಿಸಿ ಬರೆಯಬೇಕಿತ್ತು ನೀವು.

ಇನ್ನೊಂದು ಮಾತು. ಆ ಶಿಸ್ತಿನವರು ಯಾರು? ಮದರಾಸಿನ ಕಡೆಯ ನರ್ಸಮ್ಮಗಳು ಬಿಳಿ ಸೀರೆ ಉಟ್ಟು ನಿಮ್ಮ ಆಸ್ಪತ್ರೆಯಲ್ಲಿ ಓಡಾಡುತ್ತಾರೆ ಎಂದು ಕೇಳಿದ್ದೇನೆ. ರೋಗಿಗಳ ಹೆಂಡಿರಿಗೆಲ್ಲ ಅಂಗಿ ಹೆಣೆಯುವಷ್ಟು ಬಿಡುವು ಅವರಿಗೆ ಇರುತ್ತದೆಯೇ? ಅಥವಾ ನಿಮಗೊಬ್ಬರಿಗೇ ಈ ಮರ್ಯಾದೆಯೇ? ಸುಮ್ಮನೆ ಕೇಳಿದೆ, ಸಿಟ್ಟಾಗಬೇಡಿ.

ದಾರ ಲಕೋಟೆಯಲ್ಲಿದೆ. ಉದ್ದದ್ದು ಸುತ್ತಳತೆ, ಗಿಡ್ಡದ್ದು ಹೆಗಲಿನಿಂದ ಸೊಂಟಕ್ಕೆ. ಆ ಅಮ್ಮನ ಕೈಗೆ ಕೊಡುವ ಮೊದಲು ನೀವೂ ಒಮ್ಮೆ ಹಿಡಿದು ನೋಡಿ.

ಸಾವಂತ್ರಮ್ಮ


ಬಳ್ಳಾರಿ
೧೭ ಫೆಬ್ರವರಿ ೧೯೫೨

ಸಾವಂತ್ರಮ್ಮಾ,

ಈ ಕಾಗದದ ಜೊತೆ ಅಂಗಿಯ ಗಂಟು ಬರುತ್ತದೆ. ತಡವಾಯಿತು, ಬೈಯಬೇಡ.

ಶಾಲು ಕಾಲರು ಎಂದರೆ ಬೇರೆ ಶಾಲಲ್ಲ. ಹೆಗಲ ಮೇಲೆ ಶಾಲು ಹೊದ್ದರೆ ಕುತ್ತಿಗೆಯ ಹಿಂದೆ ಅಗಲವಾಗಿ ಮಡಿಚಿಕೊಂಡು ಎದೆಯ ಎರಡೂ ಕಡೆ ಇಳಿಯುತ್ತದಲ್ಲ, ಕಾಲರು ಹಾಗೆ ಇರುತ್ತದೆ. ಅದೇ ಕಷ್ಟದ ಕೆಲಸ. ಕುತ್ತಿಗೆಯ ಹಿಂದೆ ಅಗಲ ಬರಬೇಕಾದರೆ ಸಾಲು ಮುಗಿಸದೆ ಅರ್ಧಕ್ಕೇ ತಿರುಗಬೇಕು, ಮುಂದಿನ ಸಲ ಇನ್ನೂ ಸ್ವಲ್ಪ ದೂರ ಹೋಗಿ ತಿರುಗಬೇಕು. ಮರೆತು ಪೂರಾ ಹೋಗಿಬಿಟ್ಟರೆ ಕಾಲರು ಮಡಿಚಿಕೊಳ್ಳದೆ ಕತ್ತಿಗೆ ಹಗ್ಗ ಹಾಕಿದಂತೆ ನಿಲ್ಲುತ್ತದೆ. ಎಷ್ಟು ಸಲ ಬಿಚ್ಚಿ ಹೆಣೆದದ್ದೋ, ಬೆರಳೆಲ್ಲ ಉರಿ. ಉರಿ ಹೆಣೆದವರ ಬೆರಳಿಗೆ ಎಂದು ಹೇಳಿದೆ.

ಹೆಣೆಯುವ ಕಡ್ಡಿಗಳು ಸೈಕಲ್ ಚಕ್ರದವು, ಗೋಡೆಗೆ ಉಜ್ಜಿ ನುಣುಪು ಮಾಡಿದವು. ನೂಲು ಇಲ್ಲಿಯ ಗಿರಣಿಯದು, ನಾಲ್ಕೆಳೆ ಸೇರಿಸಿ ಹುರಿ ಮಾಡಿದ್ದು. ನಿನ್ನ ದಾರವನ್ನು ನಾನು ಹಿಡಿದು ನೋಡಿದೆ. ವಾಪಸು ಕಳಿಸುವುದಿಲ್ಲ.

ಕೊನೆಗೆ ಮುಖ್ಯವಾದ ಮಾತು. ಆಸ್ಪತ್ರೆಯಿಂದ ಬಂದದ್ದು ಎಂದು ಮನೆಯಲ್ಲಿ ಯಾರೂ ಹೆದರಬಾರದು. ಅಂಗಿಯನ್ನು ಕುದಿಯುವ ನೀರಿನಲ್ಲಿ ಹಾಕಿಸಿ ಬಿಸಿಲಿನಲ್ಲಿ ಒಣಗಿಸಿದ್ದೇನೆ. ಬಳ್ಳಾರಿಯ ಬಿಸಿಲಿಗೆ ಮನುಷ್ಯರೇ ಬದುಕುವುದು ಕಷ್ಟ. ಇದರಲ್ಲಿ ಯಾವ ಹುಳವೂ ಇಲ್ಲ. ಅತ್ತೆಯವರಿಗೆ ಇದನ್ನು ಓದಿ ಹೇಳು.

ಹಾಕಿಕೊಂಡು ಹೇಗೆ ಕಾಣುತ್ತದೆ ಎಂದು ಬರೆ. ಸುಳ್ಳಾದರೂ ಪರವಾಗಿಲ್ಲ.

ಚಿದಾನಂದಪ್ಪ


ಕುರುಗೋಡು
೯ ಮಾರ್ಚ್ ೧೯೫೨

ಮೇಷ್ಟ್ರಿಗೆ ನಮಸ್ಕಾರ.

ಅಂಗಿ ಬಂತು. ನಾನು ಹೊಲಕ್ಕೆ ಹೋಗಿದ್ದೆ. ಸಂಜೆ ಬರುವಷ್ಟರಲ್ಲಿ ಅವ್ವ ಸೂಜಿ ದಾರ ಹಿಡಿದು ಅದರ ತೂತುಗಳನ್ನೆಲ್ಲ ಮುಚ್ಚುತ್ತಾ ಕೂತಿದ್ದಳು. ಹುಳದ ವಿಷಯ ನೀವು ಬರೆದದ್ದನ್ನು ಓದಿ ಹೇಳಿದೆ, ಅವ್ವ ನಂಬಲಿಲ್ಲ. ಅಂಗಿಯನ್ನು ನಾನು ಇನ್ನೂ ಹಾಕಿಕೊಂಡಿಲ್ಲ.

ಹೆಣೆದ ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ. ಬೆರಳಿನ ಉರಿಗೆ ಕೊಬ್ಬರಿ ಎಣ್ಣೆ ಒಳ್ಳೆಯದು.

ಹೆಚ್ಚು ಬರೆಯಲು ಹೊತ್ತಿಲ್ಲ. ಅಪ್ಪ ಮನೆಯಲ್ಲಿದ್ದಾನೆ.

ಸಾವಂತ್ರಮ್ಮ


ಬಳ್ಳಾರಿ
೬ ಏಪ್ರಿಲ್ ೧೯೫೨

ಸಾವಂತ್ರಮ್ಮಾ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ಬರೆಯಲು ಕೂತರೆ ಕೈ ಏಳಲಿಲ್ಲ. ಈಗ ಬರೆಯಲೇಬೇಕು.

ಯುಗಾದಿಯಾದ ಮೇಲೆ ನಿಮ್ಮ ತಂದೆ ಇಲ್ಲಿಗೆ ಬಂದಿದ್ದರು. ನಿನಗೆ ಗೊತ್ತಿರಬಹುದು, ಗೊತ್ತಿಲ್ಲದೆಯೂ ಇರಬಹುದು. ಬಾಗಿಲಲ್ಲಿ ನಿಂತೇ ಮಾತಾಡಿದರು, ಬಾಯಿಗೆ ಟವಲು ಅಡ್ಡ ಹಿಡಿದುಕೊಂಡು. 'ನೋಡಪಾ, ನೀ ಒಳ್ಳೇವನ. ನಿನ್ ಮ್ಯಾಲ ನನಗ ಸಿಟ್ಟಿಲ್ಲ. ಆದ್ರ ಹುಡುಗಿ ವಯಸ್ಸು ಸಣ್ಣದೈತಿ. ನೀ ಒಂದು ಬಿಡುಗಡಿ ಬರ್ಕೊಟ್ರ ತೆಕ್ಕಲಕೋಟಿ ಕಡಿ ಬ್ಯಾರೆ ಗಂಡಗ ಉಡಿಕಿ ಮಾಡಿ ಕೊಡ್ತೀವಿ. ಹಿರೇರ್ನ ಕರಸ್ತೀನಿ' ಎಂದರು. ನಾನು ಯೋಚಿಸಿ ಹೇಳುತ್ತೇನೆ ಎಂದೆ. ಕೂತು ನೀರು ಕುಡಿಯಿರಿ ಎಂದೆ. ಕುಡಿಯಲಿಲ್ಲ.

ಅವರು ಹೋದ ಮೇಲೆ ನಿನ್ನ ಕಾಗದ ಮತ್ತೆ ಓದಿದೆ. ಹುಳ ಇಲ್ಲ ಎಂದರೂ ನಿಮ್ಮ ಮನೆಯಲ್ಲಿ ನಂಬಲಿಲ್ಲ. ನೀನು ಅಂಗಿ ಹಾಕಿಕೊಳ್ಳಲಿಲ್ಲ. ರೋಗಿಯ ಹತ್ತಿರದಿಂದ ಬಂದ ಬಟ್ಟೆಯನ್ನು ಮುಟ್ಟಬೇಕಲ್ಲಾ ಎಂದು ಅದರ ಸಂದುಸಂದನ್ನೂ ಹೊಲಿದು ಮುಚ್ಚಿದರು. ನನಗೆ ಹಾಗೆ ಅರ್ಥವಾಯಿತು. ತಪ್ಪೇನಿಲ್ಲ, ನಾನಾಗಿದ್ದರೂ ಹೆದರುತ್ತಿದ್ದೆನೇನೋ.

ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಹೆಣೆದ ಅಮ್ಮ ಎಂದು ಯಾರೂ ಇಲ್ಲ. ಹೆಣೆದದ್ದು ನಾನು. ಪಕ್ಕದ ಮಂಚದಲ್ಲಿ ಎರ್ರಣ್ಣ ಎಂದು ಒಬ್ಬರಿದ್ದಾರೆ, ಮೊದಲು ಪಟಾಲಮ್ಮಿನಲ್ಲಿದ್ದವರು, ಕಿವಿಯವರೆಗೆ ಮೀಸೆ. ಯುದ್ಧದಲ್ಲಿ ಗಾಯವಾಗಿ ಮಲಗಿದ್ದಾಗ ಮಿಲಿಟರಿ ಆಸ್ಪತ್ರೆಯಲ್ಲಿ ಹೆಣಿಗೆ ಕಲಿತರಂತೆ. ನಾನು ಗೋಡೆಯ ಕಡೆ ತಿರುಗಿ ಮಲಗಿರುವುದನ್ನು ನೋಡಿ ನೋಡಿ ಬೇಸತ್ತು, 'ಸುಮ್ನ ಬಿದ್ಕೊಂಡು ಸಾಯಬ್ಯಾಡ್ರಿ ಮೇಷ್ಟ್ರೆ, ಹಿಡೀರಿ' ಎಂದು ಕಡ್ಡಿ ಕೈಗೆ ಕೊಟ್ಟರು. ಹೆಂಗಸರ ಕೆಲಸ ಮಾಡುತ್ತಾನೆ ಎಂದು ನೀನು ನಗುತ್ತೀ ಎಂದು ಹೇಳಲಿಲ್ಲ. ನಿಮ್ಮ ತಂದೆ ಬಂದಾಗಲೂ ಕಡ್ಡಿಗಳನ್ನು ದಿಂಬಿನ ಕೆಳಗೆ ತಳ್ಳಿದೆ.

ನಿನ್ನ ಮನಸ್ಸಿನಲ್ಲಿ ಬಿಡುಗಡೆ ಬೇಕೆಂದಿದ್ದರೆ ಸಹಿ ಹಾಕುತ್ತೇನೆ. ಆದರೆ ಅದನ್ನು ನಿಮ್ಮ ತಂದೆ ಹೇಳಿದರೆ ಸಾಲದು, ನೀನು ಬರೆಯಬೇಕು. ನನ್ನ ಮನಸ್ಸು ಕೇಳಿದರೆ, ನನಗೆ ಬೇಡ. ನೀನು ನನಗೆ ಬೇಕು.

ಚಿದಾನಂದಪ್ಪ


ಬಳ್ಳಾರಿ
೨೫ ಮೇ ೧೯೫೨

(ಕಾರ್ಡು)

ಸಾವಂತ್ರಮ್ಮನಿಗೆ, ನಾನು ಕ್ಷೇಮ. ಉತ್ತರ ಬರಲಿಲ್ಲ. ಎರ್ರಣ್ಣ ಊರಿಗೆ ಹೋದರು ಎಂದು ಬರೆಯೋಣ ಎಂದುಕೊಂಡೆ, ಆದರೆ ನಿನಗೆ ಇನ್ನು ಸುಳ್ಳು ಬರೆಯುವುದಿಲ್ಲ. ಅವರು ತೀರಿಕೊಂಡರು. ಕಡ್ಡಿಗಳನ್ನು ನನಗೆ ಬಿಟ್ಟು ಹೋದರು. ಕಾರ್ಡಿನಲ್ಲಿ ಬರೆದದ್ದನ್ನು ಟಪಾಲಿನವರೆಲ್ಲ ಓದುತ್ತಾರೆ, ಆದ್ದರಿಂದ ಇಷ್ಟೇ. ಬೇಕು ಅಥವಾ ಬೇಡ, ಒಂದೇ ಮಾತು ಬರೆದರೂ ಸಾಕು. ಚಿ.


ಕುರುಗೋಡು
೬ ಜುಲೈ ೧೯೫೨

ಮೇಷ್ಟ್ರಿಗೆ ಸಾವಂತ್ರಮ್ಮ ಮೊದಲು ಬೈದು, ಆಮೇಲೆ ನಮಸ್ಕಾರ ಮಾಡುವುದು.

ಮಕ್ಕಳಿಗೆ ಓದು ಕಲಿಸುವವರು ನೀವು, ಹೆಂಡತಿಯ ಕಾಗದ ಓದಲು ಬರಲಿಲ್ಲವಲ್ಲ. ನಾನು ಬರೆದ ಹುಳ ಯಾವುದು, ನೀವು ತಿಳಿದ ಹುಳ ಯಾವುದು? ನನ್ನದೂ ತಪ್ಪಿದೆ. ಅವತ್ತು ಅಪ್ಪ ಎದುರಿಗೇ ಕೂತಿದ್ದ, ಮನಸ್ಸು ನರ್ಸಮ್ಮನ ಮೇಲೆ ಕುದಿಯುತ್ತಿತ್ತು, ನಾಲ್ಕು ಸಾಲು ಗೀಚಿ ಹಾಕಿದೆ. ಈಗ ನಡೆದದ್ದು ನಡೆದ ಹಾಗೆ ಬರೆಯುತ್ತೇನೆ, ನಿಧಾನವಾಗಿ ಓದಿ.

ನೀವು ಮೊದಲನೆಯ ಕಾಗದದಲ್ಲಿ 'ಲೇಸಿನ ವೆಸ್ಟು' ಎಂದು ಬರೆದಿರಿ. ನಾನು ಹಾಗೇ ಓದಿದೆ. ಅವ್ವ ಲೇಸು ಎಂದರೆ ಒಳ್ಳೆಯದು ಎಂದು ತಿಳಿದಳು, ನಾನೂ ಹಾಗೇ ತಿಳಿದೆ. ನಮ್ಮಲ್ಲಿ ಲೇಸು ಎಂದರೆ ಬೇರೆ ಏನಿದೆ? ತೂತು ತೂತಾಗಿ ಹೆಣೆದದ್ದಕ್ಕೆ ಇಂಗ್ಲಿಷಿನಲ್ಲಿ ಲೇಸು ಎನ್ನುತ್ತಾರೆ ಎಂದು ನಮಗೇನು ಗೊತ್ತು? ಅಳಿಯ ಲೇಸಾದ ಅಂಗಿ ಕಳಿಸುತ್ತಾನೆ ಎಂದು ಅವ್ವ ಒಂದಿಬ್ಬರ ಹತ್ತಿರ ಹೇಳಿಯೂ ಇದ್ದಳಂತೆ. ಗಂಟು ಬಿಚ್ಚಿ ನೋಡಿದರೆ ಎದೆಯಿಂದ ಸೊಂಟದವರೆಗೆ ತೂತು. ಅವ್ವನ ಎದೆ ಒಡೆಯಿತು. ಪಾಪ, ಕಾಹಿಲೆಯವನು ಎಲ್ಲಿಂದಲೋ ತರಿಸಿದ್ದು, ದಾರಿಯಲ್ಲಿ ಹುಳ ತಿಂದುಹಾಕಿವೆ, ಸಾವಂತ್ರಿ ನೋಡಿದರೆ ಅಳುತ್ತಾಳೆ, ಅವಳು ಬರುವುದರೊಳಗೆ ಸರಿ ಮಾಡಬೇಕು ಎಂದು ಕೌದಿ ಹೊಲಿಯುವ ಸೂಜಿ ತೆಗೆದುಕೊಂಡು ಕೂತಳು. ಬಿಳಿ ದಾರ ಇರಲಿಲ್ಲ. ಕೌದಿಗೆ ತಂದಿದ್ದ ಕೆಂಪು ದಾರದಲ್ಲೇ ಒಂದೊಂದು ತೂತನ್ನೂ ಬಿಗಿದು ಮುಚ್ಚಿದಳು.

ನಾನು ಬಂದು ನೋಡಿದರೆ ಅಂಗಿಗೆ ದಡಾರ ಎದ್ದ ಹಾಗಿದೆ. ನಿಮ್ಮ ಕಾಗದ ಒಡೆದು, ಹುಳ ಇಲ್ಲ ಎಂದು ಬರೆದದ್ದನ್ನು ಓದಿದೆ. ಅವ್ವ, 'ಅವ ಇಲ್ಲ ಅಂದ್ರ ಆತೇನು? ನನ್ ಕಣ್ಣ ಕಾಣಾಂಗಿಲ್ಲೇನು? ಲೇಸಿನ ಅಂಗಿ ಅಂತ ಬರ್ದಾನ, ಲೇಸು ಎಲ್ಲೈತಿ ಇದ್ರಾಗ?' ಎಂದಳು. ಇನ್ನೂ ಮುಚ್ಚದೆ ಉಳಿದಿದ್ದ ಒಂದು ಕಡೆ ತೂತುಗಳು ಸಾಲಾಗಿ ಬೇವಿನ ಎಲೆಯ ಹಾಗೆ ಇದ್ದವು. 'ಯಾವ ಹುಳ ಅವ್ವಾ ಇಷ್ಟು ಲೆಕ್ಕ ಕಲಿತೈತಿ?' ಎಂದು ಕೇಳಿದೆ. ಇದು ನಾನು ಬರೆದ ಹುಳದ ಕಥೆ. ನಿಮ್ಮ ಕಾಹಿಲೆಯ ಹುಳದ ಮಾತು ಅಲ್ಲಿ ಯಾರ ಬಾಯಲ್ಲೂ ಬರಲಿಲ್ಲ.

ಅಪ್ಪನ ವಿಷಯ ನಾನು ನಿಮಗೆ ಬರೆಯಲಿಲ್ಲ. ನೀವು ಮಲಗಿದ ಜಾಗದಲ್ಲಿ ಅದನ್ನು ಓದುವುದು ಬೇಡ ಎಂದು ಬಚ್ಚಿಟ್ಟೆ. ಹೋದ ದೀಪಾವಳಿಯಿಂದಲೇ ಆ ಮಾತು ನಡೆದಿತ್ತು. ದಿನಾ ನಿಮ್ಮ ಸುದ್ದಿ ಕೇಳುತ್ತಾನೆ ಎಂದು ಬರೆದೆನಲ್ಲ, ಅದು ನಿಜ. ಯಾಕೆ ಕೇಳುತ್ತಿದ್ದ ಎಂದು ಮಾತ್ರ ಬರೆಯಲಿಲ್ಲ. ಅವ್ವನೂ ಆಗ ಅಪ್ಪನ ಕಡೆಗೇ ಇದ್ದಳು. ಹೆತ್ತ ಕರುಳು, ಬೈಯಲಾರೆ.

ನಿಮ್ಮ ಕಡ್ಡಿ ದಿಂಬಿನ ಕೆಳಗೆ ಹೋಗುವ ಮೊದಲೇ ಅಪ್ಪ ನೋಡಿದ್ದ. ಬಳ್ಳಾರಿಯಿಂದ ಬಂದವನು ಊಟಕ್ಕೆ ಕೂತು, 'ಅವನ ಆಸೆ ಬಿಡ್ರಿ. ಹೆಂಗಸ್ರಂಗ ಎರಡು ಕಡ್ಡಿ ಹಿಡ್ಕೊಂಡು ಬಿಳೇ ನೂಲು ಹೆಣೀತಾ ಕುಂತಾನ, ತೂತು ತೂತಿಂದು' ಎಂದು ನಕ್ಕ. ಅವ್ವ ರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸಿದಳು. 'ತೂತಿಂದಽ? ಅವನಽ ಹೆಣೀತಾನಽ?' ಎಂದು ಮತ್ತೆ ಕೇಳಿದಳು. ನನಗೆ ಅಲ್ಲೇ ಅಳು ಬಂತು, ನಗುವೂ ಬಂತು. ನರ್ಸಮ್ಮನ ಬೆರಳಿಗೆ ಎಣ್ಣೆ ಹೇಳಿದವಳು ನಾನು.

ಮರುದಿನ ಅವ್ವ ಅಂಗಿ ತೆಗೆದುಕೊಂಡು ಅಂಗಳದಲ್ಲಿ ಬೆಳಕಿಗೆ ಕೂತಳು. ನಾನು ಬಿಚ್ಚುತ್ತೇನೆ ಎಂದರೆ ಕೊಡಲಿಲ್ಲ. 'ನಾ ಮುಚ್ಚಿದ್ದು ನಾನಽ ತೆಗೀತೀನಿ, ನೂಲು ಕತ್ತರಿಸಿಗಿತ್ತರಿಸೀಯ' ಎಂದಳು. ಅವಳ ಕಣ್ಣು ಮಬ್ಬು, ನಿಮಗೆ ಗೊತ್ತಲ್ಲ. ಒಂದೊಂದು ಕೆಂಪು ದಾರ ಎಳೆದು ತೆಗೆಯಲು ಎಷ್ಟೋ ದಿನ ಹಿಡಿಯಿತು. ತೆಗೆಯುತ್ತಾ ತೆಗೆಯುತ್ತಾ, ನೂಲು ಎಲ್ಲಿ ಸುತ್ತಿದೆ, ಎರಡು ಕುಣಿಕೆ ಎಲ್ಲಿ ಒಂದಾಗಿವೆ ಎಂದು ತಾನೇ ಕಂಡುಕೊಂಡಳು. ಹರಿದ ತೂತಿಗೂ ಹೆಣೆದ ತೂತಿಗೂ ಇರುವ ಅಂತರವನ್ನು ಬಂದವರಿಗೆಲ್ಲ ಹೇಳಿದಳು.

ಹೋದ ವಾರ ಹಿರಿಯರು ಬಂದು ಕೂತರು, ಕಾಡಸಿದ್ದಪ್ಪ ದೊಡ್ಡಪ್ಪನೇ ಮುಂದೆ. ಅಪ್ಪ ತನ್ನ ಮಾತು ಹೇಳಿದ. ಆಳು ಉಳಿಯುವುದಿಲ್ಲ, ಹುಡುಗಿಯ ಬಾಳು ಹಾಳಾಗಬಾರದು ಎಂದ. ಎಂದೂ ಹಿರಿಯರ ಮುಂದೆ ಬಾಯಿ ತೆರೆಯದ ಅವ್ವ ಅಡಿಗೆಮನೆಯ ಬಾಗಿಲಿಗೆ ಬಂದು ಅಂಗಿಯನ್ನು ಬಿಚ್ಚಿ ಹಿಡಿದಳು. 'ಯಣ್ಣಾ, ಇದನ್ನ ನೋಡ್ರಿ. ಇಷ್ಟು ಸಣ್ಣ ಕೆಲಸ ಒಂದು ತೂತು ತಪ್ಪದಂಗ ಮಾಡ್ಯಾನ. ತಪ್ಪಿದ ಕಡೀಗೆ ಬಿಚ್ಚಿ ಮತ್ತ ಮಾಡ್ಯಾನ. ಸಾಯೋ ಗಡಿಬಿಡ್ಯಾಗ ಇದ್ದವನ ಕೈ ಅಲ್ಲರೀ ಇದು' ಎಂದಳು.

ಕಾಡಸಿದ್ದಪ್ಪ ದೊಡ್ಡಪ್ಪ ಅಂಗಿಯನ್ನು ತೊಡೆಯ ಮೇಲೆ ಹರವಿಕೊಂಡು ಕಾಲರಿನಲ್ಲಿ ಕೈ ಆಡಿಸಿ, 'ಹುಡುಗಿ ಏನಂತಾಳ?' ಎಂದು ಕೇಳಿದ. ನಾನು ಅಂಗಿ ಇಸಕೊಂಡು ಎಲ್ಲರ ಎದುರಿಗೇ ಹಾಕಿಕೊಂಡೆ. ಜೂನ್ ತಿಂಗಳ ಸೆಖೆ, ಕುಬಸದ ಮೇಲೆ ಇನ್ನೊಂದು ಅಂಗಿ. ಬೆವರು ಇಳಿಯುತ್ತಿತ್ತು. 'ನಾ ಸಿರುಗುಪ್ಪಕ್ಕ ಹೋಗಾಕಿ' ಎಂದೆ. ಬೇರೆ ಮಾತು ತೋಚಲಿಲ್ಲ. ಈ ದೀಪಾವಳಿಯವರೆಗೆ ನೋಡೋಣ ಎಂದು ಎದ್ದರು. ಅಪ್ಪ ಮೂಗು ಸೀಟಿಕೊಂಡು ಹೊರಗೆ ಹೋದ.

ಏನಾದರೊಂದು ತೀರಲಿ, ಆಮೇಲೆ ಬರೆಯೋಣ ಎಂದು ಇಷ್ಟು ದಿನ ಸುಮ್ಮನಿದ್ದೆ. ಎರ್ರಣ್ಣನವರ ಸುದ್ದಿಯ ಕಾರ್ಡು ಬಂದ ದಿನವೇ ಬರೆಯಬೇಕಿತ್ತು. ಅದೊಂದು ತಪ್ಪಾಯಿತು. ಮೀಸೆಯ ಆ ಮನುಷ್ಯರನ್ನು ನಾನು ನರ್ಸಮ್ಮ ಎಂದು ಎಷ್ಟು ಬೈದಿದ್ದೇನೋ.

ಬೇಕು ಅಥವಾ ಬೇಡ ಎಂದು ಕೇಳಿದಿರಿ. ಬೇಕು.

ಸಾವಂತ್ರಮ್ಮ


ಬಳ್ಳಾರಿ
೨೮ ಸೆಪ್ಟೆಂಬರ್ ೧೯೫೨

ಸಾವಂತ್ರಮ್ಮಾ,

ನಿನ್ನ ಕಾಗದವನ್ನು ಹೇಳಿದ ಹಾಗೆ ನಿಧಾನವಾಗಿ ಓದಿದೆ. ಎಷ್ಟು ಸಲ ಎಂದು ಕೇಳಬೇಡ. ಅತ್ತೆಯವರಿಗೆ ನನ್ನ ನಮಸ್ಕಾರ. ಅವರು ನನ್ನ ಕೈಯಲ್ಲಿ ಕಂಡದ್ದು ನನಗೇ ಕಂಡಿರಲಿಲ್ಲ.

ಹೊಸ ಎಕ್ಸ್‌ರೇ ಚೆನ್ನಾಗಿ ಬಂದಿದೆ. ಕಫದಲ್ಲಿ ಈಗ ಏನೂ ಕಾಣುತ್ತಿಲ್ಲ. ದೀಪಾವಳಿಗೆ ಮೊದಲು ಮನೆಗೆ ಕಳಿಸುತ್ತೇನೆ, ಗಾಳಿ ಹಾಕಿಸಿಕೊಳ್ಳಲು ಮಾತ್ರ ಆಗಾಗ ಬಂದು ಹೋಗಬೇಕು ಎಂದು ಡಾಕ್ಟರು ಹೇಳಿದರು.

ಕೇಳಿ ಸಂತೋಷವಾಗುವ ಬದಲು ಹೆದರಿಕೆಯಾಯಿತು. ಇಲ್ಲಿ ಎಲ್ಲರೂ ನನ್ನಂಥವರೇ, ಅಲ್ಲಿ ನಾನೊಬ್ಬ. ಸಾಲೆಗೆ ಸದ್ಯ ಸೇರಿಸಿಕೊಳ್ಳುವುದಿಲ್ಲ. ಬೀದಿಯವರು ನನ್ನನ್ನು ಕಂಡರೆ ದಾಟಿ ಹೋಗಬಹುದು. ನನ್ನ ತಟ್ಟೆ, ಲೋಟ, ಹಾಸಿಗೆ ಎಲ್ಲ ಬೇರೆ ಇರಬೇಕು. ನಿನಗೆ ಏನಾದರೂ ಅಂಟಿದರೆ ನಾನು ಉಳಿದೂ ಪ್ರಯೋಜನವಿಲ್ಲ. ನಾನು ಒಬ್ಬನೇ ಸಿರುಗುಪ್ಪಕ್ಕೆ ಹೋಗಿ ಬೀಗ ತೆಗೆಯುತ್ತೇನೆ. ನೀನು ಇನ್ನೊಂದು ವರ್ಷ ಕಾಯಿ. ಬೇಕು ಎಂದು ಬರೆದವಳು ಕಾಯುತ್ತೀ ಎಂದು ನನಗೆ ಗೊತ್ತು.

ಇದನ್ನು ಬರೆಯುವುದು ನನಗೆ ಸುಲಭವಲ್ಲ.

ಚಿದಾನಂದಪ್ಪ


ಸಿರುಗುಪ್ಪ
೧೨ ಅಕ್ಟೋಬರ್ ೧೯೫೨

ಮೇಷ್ಟ್ರಿಗೆ ನಮಸ್ಕಾರ.

ಮೇಲೆ ಊರಿನ ಹೆಸರು ಓದಿದಿರಾ? ಓದದಿದ್ದರೆ ಮತ್ತೊಮ್ಮೆ ಓದಿ ಮುಂದಕ್ಕೆ ಬನ್ನಿ.

ಕಾಯಿ ಎಂದಿರಿ. ಕಾಯುತ್ತೇನೆ. ಎಲ್ಲಿ ಕಾಯಬೇಕು ಎಂಬುದು ನನಗೆ ಬಿಟ್ಟದ್ದು. ನಾನೂ ಅವ್ವನೂ ಹೋದ ಸೋಮವಾರ ಇಲ್ಲಿಗೆ ಬಂದೆವು. ಅಪ್ಪ ಬಸ್ಸಿನವರೆಗೆ ಬಂದ. ಜೋಳದ ಚೀಲ ಮೇಲೆ ಹಾಕಿಸಿ, 'ಅವನಿಗೆ ಹಾಲು ಬಿಡಸಬ್ಯಾಡ' ಎಂದಷ್ಟೇ ಹೇಳಿ ತಿರುಗಿದ. ಅಪ್ಪನಿಗೆ ಅದಕ್ಕಿಂತ ಹೆಚ್ಚು ಬರುವುದಿಲ್ಲ.

ಬೀಗ ತುಕ್ಕು ಹಿಡಿದಿತ್ತು, ಒಡೆದೆವು. ಗೋಡೆಗೆ ಸುಣ್ಣ ಬಳಿದಾಗಿದೆ. ನಿಮ್ಮ ಪುಸ್ತಕಗಳಲ್ಲಿ ಕೆಲವನ್ನು ಗೆದ್ದಲು ತಿಂದಿವೆ, ಇವು ನಿಜವಾದ ಹುಳ, ಅವ್ವ ಸಾಕ್ಷಿ. ನಿಮ್ಮ ತಟ್ಟೆ ಲೋಟಕ್ಕೆ ಬೇರೆ ಗೂಡು ಮಾಡಿದ್ದೇನೆ. ಮುಂದಿನ ಪಡಸಾಲೆಯಲ್ಲಿ ನಿಮ್ಮ ಮಂಚ, ಒಳಗೆ ನನ್ನ ಹಾಸಿಗೆ. ಡಾಕ್ಟರು ಹೇಳಿದ ಒಂದು ನಿಯಮವನ್ನೂ ತಪ್ಪಿಸುವುದಿಲ್ಲ. ನೀವು ಹೆದರುವುದನ್ನೆಲ್ಲ ನಾನೂ ಹೆದರುತ್ತೇನೆ. ಇಬ್ಬರೂ ಒಂದೇ ಮನೆಯಲ್ಲಿ ಕೂತು ಹೆದರೋಣ.

ನಿಮ್ಮ ಸಾಲೆಯ ಹೆಡ್‌ಮೇಷ್ಟ್ರನ್ನು ಕಂಡು ಬಂದೆ. ಡಾಕ್ಟರ ಸರ್ಟಿಫಿಕೇಟು ತಂದರೆ ಮುಂದಿನ ಜೂನಿಗೆ ನಿಮ್ಮನ್ನು ಮತ್ತೆ ಸೇರಿಸಿಕೊಳ್ಳಲು ಬರೆದು ಕಳಿಸುತ್ತೇನೆ ಎಂದರು. ಕುರ್ಚಿ ಕೊಟ್ಟು ಕೂರಿಸಿ ಮಾತಾಡಿದರು. ನಾನು ಆ ಅಂಗಿ ಹಾಕಿಕೊಂಡೇ ಹೋಗಿದ್ದೆ. ಹೇಗೆ ಕಾಣುತ್ತದೆ ಎಂದು ಫೆಬ್ರವರಿಯಲ್ಲಿ ಕೇಳಿದ್ದಿರಿ. ಬರೆಯುವುದಿಲ್ಲ, ಬಂದು ನೋಡಿ.

ಇವತ್ತು ಬೆಳಿಗ್ಗೆ ಹೊಳೆಯಿಂದ ನೀರು ತರುವಾಗ ಹಿಂದಿನ ಮನೆಯ ಗಂಗಕ್ಕ ದಾರಿಯಲ್ಲೇ ನಿಲ್ಲಿಸಿದಳು. ಆಚೆ ಈಚೆ ಹೆಂಗಸರೂ ನಿಂತರು. 'ಏನವಾ, ಅವ್ವನ ಕೂಡ ಬಂದೀಯಲ್ಲ, ಮೇಷ್ಟ್ರು?' ಎಂದು ದನಿ ಇಳಿಸಿ ಕೇಳಿದಳು, ಸತ್ತವರನ್ನು ಕೇಳುವ ಹಾಗೆ. ನಾನು ಕೊಡ ಇಳಿಸದೆ, ಬೀದಿಗೆಲ್ಲ ಕೇಳುವ ಹಾಗೆ ಹೇಳಿದೆ: 'ಬರ್ತಾರ. ಗುರುವಾರ ಮಧ್ಯಾಹ್ನದ ಬಸ್ಸಿಗೆ ಬರ್ತಾರ.'

ಯಾವ ಗುರುವಾರವೋ ನನಗೂ ಗೊತ್ತಿಲ್ಲ, ಬಾಯಿಗೆ ಬಂದದ್ದು ಹೇಳಿದೆ. ಈಗ ಊರಿಗೆಲ್ಲ ಗೊತ್ತಾಗಿದೆ. ಡಾಕ್ಟರನ್ನು ಕೇಳಿಕೊಂಡು ಈ ಗುರುವಾರವೇ ಬನ್ನಿ, ಬಿಡದಿದ್ದರೆ ಮುಂದಿನ ಗುರುವಾರ. ಎರಡೂ ದಿನ ಅನ್ನಕ್ಕೆ ನಿಮ್ಮದೂ ಸೇರಿಸಿ ಇಡುತ್ತೇನೆ.

ಸಾವಂತ್ರಮ್ಮ